ಪಂಪು ನಿಂತೈತಾ, ಪಾಪಣ್ಣ?

…ನಗಬೇಡ ಅಂದ್ನಲ್ಲ! ಪೆಟ್ರೋಲ್ ಪೈಪಿಗೆ ರೇಷ್ಮೆ ದಾರ ಸುತ್ತಿ ಗಂಟು ಹಾಕಿದ ಮನುಷ್ಯನ್ನ ಈ ಚಳ್ಳಕೆರೇಲಿ ಯಾರಾದ್ರೂ ನೋಡಿದಾರೇನಲೇ? ಈ ಶೆಡ್ಡಿಗೆ ತಂತಿ ಬಿಗ್ಕಂಡು ಬಂದೋರ್ನ ಕಂಡಿದೀನಿ, ಸೈಕಲ್ ಟ್ಯೂಬ್ ಕಟ್ಕಂಡು ಬಂದೋರ್ನ ಕಂಡಿದೀನಿ, ಸೋಪು ಮೆತ್ಕಂಡು ಬಂದೋರ್ನೂ ಕಂಡಿದೀನಿ. ಆದ್ರೆ ರೇಷ್ಮೆ! ಅದೂ ಬಣ್ಣ ಹಾಕಿದ್ದು! ಕಾರಿಗೇನು ಸೀಮಂತ ಮಾಡ್ತಿದ್ಯಾ?

ಏನಂದೆ? ಈ ಕಡೆ ತಿರುಗಿ ಹೇಳು ಮಾರಾಯ. ಬಾನೆಟ್ ಒಳಗೆ ತಲೆ ತೂರಿಸ್ಕಂಡು ಗೊಣಗಿದ್ರೆ ನಾನೇನು ಇಂಜಿನ್ನಿನ ಹತ್ರ ಕೇಳ್ಲಾ? …ಹಾಂ. ಮಗ್ಗದ ಗಂಟು ಬಿಚ್ಚಲ್ಲ ಅಂತೀಯ. ಒಪ್ಕಂಡೆ ಕಣೋ! ಮೊಳಕಾಲ್ಮೂರಿನ ನೇಕಾರ ಹಾಕಿದ ಗಂಟು ಸೀರೇಲಿ ಬಿಚ್ಚಲ್ಲ. ನೀನು ನೇಕಾರ ಅಂತ ಪೆಟ್ರೋಲಿಗೆ ಗೊತ್ತಾ? ಕ್ಲಿಪ್ಪು ಸಡ್ಲ ಆದ್ರೆ ಒಂದು ಫೋನ್ ಮಾಡ್ಬೇಕಿತ್ತು. ದಾರ ಸುತ್ತಿದೆ. ಹೋದ ತಿಂಗ್ಳು ತಳಕು ಊರು ದಾಟ್ತಿದ್ದಂಗೆ ಬಾನೆಟ್ಟಲ್ಲಿ ಹೊಗೆ ಎದ್ದಿತ್ತು! ಈಶ್ವರಮ್ಮ ಚಪ್ಪಲಿ ಕಾರಲ್ಲೇ ಬಿಟ್ಟು ಹೊಲಕ್ಕೆ ಓಡಿದ್ಳಂತೆ. ನಿನ್ನ ಹೆಂಡ್ತಿ ಅಷ್ಟು ಜೋರಾಗಿ ಓಡ್ತಾಳೆ ಅಂತ ಅವತ್ತೇ ಗೊತ್ತಾಗಿದ್ದು, ಅಲ್ವಾ?

ಈಗ ಬೈದೆ ತಾನೆ? ತೆಲುಗಲ್ಲಿ ಬೈದೆ. ಕನ್ನಡದಲ್ಲಿ ಬೈಯಪ್ಪ. ತೆಲುಗಿಗೆ ಹೋದ್ರೆ ನಿನ್ನ ಬಾಯಿ ಹೆಂಗೆಂಗೋ ಹೋಗುತ್ತೆ, ನಂಗೇನೂ ಗೊತ್ತಾಗಲ್ಲ.

ಬಾ, ಇಲ್ಲಿ ನೋಡು. ಇದೇನು ಎಲ್ಲಾರ ಮನೆ ಫಿಯಟ್ಟಾ? ಮೊದ್ಲು ಇದನ್ನ ಇಟ್ಕಂಡಿದ್ದ ಆ ರಾಯದುರ್ಗದ ಜವಳಿ ಸಾಹುಕಾರ ರೇಸಿನ ಹುಚ್ಚಿಗೆ ಬಿದ್ದು ಒಂದು ಕಾರ್ಬೊರೇಟರ್ ಇರೋ ಜಾಗಕ್ಕೆ ಎರಡು ಕೂರಿಸ್ದ. ಅವ್ನು ಕೂರಿಸಿದ್ದಷ್ಟೇ, ಅನುಭವಿಸ್ತಿರೋದು ನಾನು. ಎರಡಕ್ಕೂ ಪೆಟ್ರೋಲ್ ಸಮ ಹೋಗ್ಬೇಕು. ಮೊದ್ಲು ಪೈಪು ಮುಂದಿನದಕ್ಕೆ ಹೋಗಿ, ಅದು ಕುಡಿದು ಬಿಟ್ಟಿದ್ದು ಹಿಂದಿನದಕ್ಕೆ ಹೋಗ್ತಿತ್ತು. ಏರು ಬಂದ್ರೆ ಹಿಂದಿಂದು ಉಪವಾಸ. ಈಗ ನೋಡು, ಸರಿಯಾಗಿ ಮಧ್ಯಕ್ಕೆ ಟಿ ಜಾಯಿಂಟು. ಆ ಕಡೆ ಒಂಬತ್ತು ಬೆರಳು ಪೈಪು, ಈ ಕಡೆ ಒಂಬತ್ತು ಬೆರಳು. ಸೈಲೆನ್ಸರ್ ಬಿಸಿ ತಾಗ್ದಂಗೆ ಮೇಲಿಂದ ತಂದಿದೀನಿ. ಹೊಸ ಫಿಲ್ಟರು, ಹೊಸ ಕ್ಲಿಪ್ಪು. ಅಳತೆ ಹಾಕ್ತೀಯಾ? ಹಾಕು, ಹಾಕು. ನೂಲು ಎಣಿಸೋ ಜನ ನೀವು, ನಂಬಲ್ಲ.

ಸರಿ ಐತಾ? ಮುಖ ನೋಡು, ಒಂದು ತಪ್ಪು ಸಿಗ್ಲಿಲ್ಲ ಅಂತ ಎಷ್ಟು ಬೇಜಾರು!

ಈಗ ಕೀ ತಿರುಗಿಸ್ತೀನಿ. ಇಂಜಿನ್ ಹಚ್ಚಲ್ಲ, ಬರೀ ಕರೆಂಟು. ಹಿಂದೆ ಡಿಕ್ಕೀಲಿರೋ ಪಂಪು ಟಕಟಕ ಅಂತ ಹೊಡ್ಕಳ್ಳುತ್ತೆ. ಎರಡೂ ಕಾರ್ಬೊರೇಟರಿನ ಬಟ್ಲು ತುಂಬಿದ ಮೇಲೆ ತಾನಾಗೇ ನಿಲ್ಬೇಕು. ನೀನು ಅದರ ಹತ್ರ ನಿಂತು ಕೇಳು, ನಿಂತ ತಕ್ಷಣ ಬೆರಳು ಎತ್ತು. ಬಾಯಲ್ಲಿ ಹೇಳ್ಬೇಡ, ಬೆರಳು ಎತ್ತು ಸಾಕು.

…ಯಾಕೆ ನಾನೇ ಅಂತೀಯಾ? ಮತ್ತೆ ಅದೇ ಕೇಳ್ತೀಯಲ್ಲ! ಮೊನ್ನೆ ಕಾರ್ಬೊರೇಟರ್ ಬಾಯಿಗೆ ರಬ್ಬರ್ ಟ್ಯೂಬ್ ಇಟ್ಟು, ಯಾವ್ದು ಜಾಸ್ತಿ ಗಾಳಿ ಎಳೀತೈತೆ ಕೇಳು ಅಂದಾಗ್ಲೂ ಹಿಂಗೇ ಅಂದೆ. ನನ್ನ ಸೊಂಟ ಬಗ್ಗಲ್ಲ ಅಂದ್ನಲ್ಲ. ಬೀದೀಲಿ ನಿಂತೇ ಮಗ್ಗದಲ್ಲಿ ಎಳೆ ಕಡೀತು ಅಂತ ಹೇಳೋನು ನೀನು. ಅಂಥ ಕಿವೀನ ಸುಮ್ನೆ ಬಿಡಕ್ಕಾಗುತ್ತಾ? ನನ್ನ ಕಿವಿ ಏನು ಕಮ್ಮಿ ಅಂತಲ್ಲ. ದೊಡ್ಡಉಳ್ಳಾರ್ತಿ ಕಾವಲಲ್ಲಿ ಕುರಿ ಮೇಯಿಸೋವಾಗ ಗಂಟೆ ಸದ್ದು ಕೇಳೇ ಯಾವ ಕುರಿ ತಪ್ಪಿಸ್ಕಂಡೈತೆ ಅಂತ ಹೇಳ್ತಿದ್ದೆ. ಪಾವಗಡ ರಸ್ತೇಲಿ ಗಾಡಿ ಬರ್ತಿದ್ರೆ, ಇಲ್ಲೇ ಕೂತು ಟೀ ಕುಡೀತಾ ಅದರ ಕಾಯಿಲೆ ಹೇಳ್ತಿದ್ದೆ. ಚಿಕ್ಕೀರಪ್ಪ ಅಂದ್ರೆ ಕಿವಿ ಅಂತ ಊರೇ ಹೇಳುತ್ತೆ. ಆ ಹೆಸ್ರೇ ಕಣೋ ನನ್ನ ಅಂಗಡಿ ಬೋರ್ಡು. ಬೇರೆ ಬೋರ್ಡು ಇಲ್ಲ ನಂಗೆ.

ಹಾಕ್ದೆ ಕೀ. ಕೇಳು.

…ಇನ್ನೂ ಬೆರಳು ಎತ್ಲಿಲ್ಲ? ತುಂಬಲಿ, ತುಂಬಲಿ. ಆಮೇಲೆ ಈಶ್ವರಮ್ಮಂಗೆ ಫೋನ್ ಮಾಡಿ ಹೇಳು, ನಾಳೆ ಒಳ್ಳೆ ಸೀರೆ ಉಟ್ಕಂಡು ರೆಡಿ ಇರು ಅಂತ. ದುರ್ಗದಲ್ಲಿ ಹಳೇ ಕಾರುಗಳ ಮೆರವಣಿಗೆ ಅಂದ್ರೆ ಸುಮ್ನೇನಾ! ಚಿಕ್ಕೀರಪ್ಪಣ್ಣ ಸರಿ ಐತೆ ಅಂತ ಹೇಳಿದ್ರೆ ಮಾತ್ರ ಕೂತ್ಕಳ್ತೀನಿ ಅಂದ್ಳಂತಲ್ಲ? ನಲವತ್ತು ವರ್ಷ ಸಂಸಾರ ಮಾಡಿದ ಗಂಡನ್ನ ನಂಬಲ್ಲ, ನನ್ನ ನಂಬ್ತಾಳೆ! ನಾಚ್ಕೆ ಆಗಲ್ವೇನೋ?

ಎತ್ತಪ್ಪ ಬೆರಳು. ಇಷ್ಟೊತ್ತು ಬೇಕಾಗಲ್ಲ ಅದಕ್ಕೆ. ಎಲ್ಲೋ ನೋಡ್ಕಂಡು ನಿಂತು ಮರ್ತೆ ನೀನು.

ಏನು? ನಿಂತೈತಾ ಅಂತ ನನ್ನೇ ಕೇಳ್ತೀಯಾ? ನಿಂತು ಆಗ್ಲೇ ಆಯ್ತಲ್ಲೋ! ನಂಗೆ ಚೆನ್ನಾಗಿ ಕೇಳಿಸ್ತು. ಟಕ್ ಅಂತ ನಿಂತು ಹೋಯ್ತು. ಬಾನೆಟ್ ಮುಚ್ಚು.

ಮುಚ್ಚು ಅಂದೆ… ಯಾಕೆ ಹಂಗೆ ನೋಡ್ತೀಯ?

ಏಯ್, ಕೈ ಬಿಡು. ಕೈಯೆಲ್ಲ ಗ್ರೀಸು ಕಣೋ, ನಿನ್ನ ಬಿಳೀ ಅಂಗಿ… ಎಲ್ಲಿಗೆ ಎಳ್ಕಂಡು ಹೋಗ್ತೀಯ? ಡಿಕ್ಕೀಲಿ ಏನೈತೆ? ಅದು ಪಂಪು. ಗೊತ್ತು, ನಾನೇ ಕೂರಿಸಿದ್ದು. ಅದ್ರ ಮೇಲೆ ಯಾಕೆ ನನ್ನ ಕೈ ಇಡ್ತಿ…

…ಹೊಡ್ಕಂತಾ ಐತೆ.

ಇನ್ನೂ ಹೊಡ್ಕಂತಾ ಐತೆ! ಕೀ ತೆಗೀ, ಮೊದ್ಲು ಕೀ ತೆಗೀ! ಅಯ್ಯೋ, ಮುಂದೆ ಸೋರಿರ್ತೈತೆ… ನೋಡು, ನೆಲ ಎಲ್ಲ ಒದ್ದೆ. ಬಟ್ಲಲ್ಲಿ ಪೆಟ್ರೋಲ್ ತಡೆಯೋ ಮುಳ್ಳು ಕಚ್ಕಂಡೈತೆ, ತುಂಬಿದ್ರೂ ಬಾಯಿ ಮುಚ್ತಾ ಇಲ್ಲ. ಹಿಂದೆ ಸರಿ. ಬೀಡಿ ಇದ್ರೆ ಆಚೆ ಇಡು.

ನೀನು… ನಿಂತೈತಾ ಅಂತ ಕೇಳ್ದೆಯಲ್ಲ, ಆಗ ಧ್ವನಿ ತೆಗೀಲಿಲ್ಲ ಅಲ್ವಾ? ಬರೀ ತುಟಿ ಆಡಿಸ್ದೆ.

ಹೇಳು. ತಲೆ ಬಗ್ಗಿಸ್ಬೇಡ, ತಲೆ ಬಗ್ಗಿಸಿದ್ರೆ ನಂಗೆ ಗೊತ್ತಾಗಲ್ಲ.

ಎರಡು ವರ್ಷ ಆಯ್ತು, ಪಾಪಣ್ಣ. ಎಡಗಡೆ ಕಿವಿ ಮೊದ್ಲು ಹೋಯ್ತು. ಬಲಗಡೇದು, ಹೋದ ದೀಪಾವಳಿ ಮುಗಿಯೋ ಅಷ್ಟ್ರಲ್ಲಿ. ಮನೇಲಿ ಹೆಂಡ್ತಿ ದೊಡ್ಡಕ್ಕಂಗೂ ಹೇಳಿಲ್ಲ. ಮಾತಾಡ್ಸಿದ್ರೆ ಉತ್ತರ ಕೊಡಲ್ಲ, ನಂಗೆ ಕೊಬ್ಬು ಅಂತಾಳೆ. ಕೊಬ್ಬೇ ಅಂದ್ಕಳ್ಳಲಿ ಅಂತ ಬಿಟ್ಟಿದೀನಿ. ಕಿವಿ ಇಲ್ಲದ ಚಿಕ್ಕೀರಪ್ಪನ ಹತ್ರ ಯಾರು ಗಾಡಿ ತರ್ತಾರೆ? ಹೆದರ್ಕಂಡೆ ಕಣೋ. ಬಹಳ ಹೆದರ್ಕಂಡೆ.

ತಳಕಿನ ಹತ್ರ ಸೋರಿದ್ದು ನಿನ್ನ ಗಂಟಿನಿಂದಲ್ಲ. ಗಾಡಿ ಎಳ್ಕಂಡು ಬಂದ ದಿನವೇ ನೋಡ್ದೆ, ಗಂಟು ನೆಟ್ಟಗಿತ್ತು, ಒಂದು ಹನಿ ಇರ್ಲಿಲ್ಲ ಅಲ್ಲಿ. ಬಟ್ಲು ತುಂಬಿ ಹರಿದಿತ್ತು. ಹಿಂದಿನ ದಿನ ಪಂಪು ನಿಂತಿದ್ದು ಕೇಳಿಸ್ತು ಅಂತ ನಿಂಗೆ ಕೈ ಎತ್ತಿ ಕಳಿಸಿದ್ದು ನಾನು. ಆಮೇಲೆ ಒಂದು ತಿಂಗ್ಳಿಂದ ಕಂಡೋರಿಗೆಲ್ಲ ನಿನ್ನ ದಾರದ ಕಥೆ ಹೇಳ್ಕಂಡು ನಗ್ತಾ ಇದೀನಿ.

 ಒಂದ್ಸಲ ಬೈಯ್ಯೋ, ತೆಲುಗಲ್ಲೇ ಬೈಯ್ಯಿ.

…ಜೇಬಲ್ಲಿ ಬೆಳಕು ಬರ್ತೈತೆ. ಫೋನು. ಈಶ್ವರಮ್ಮನಾ? ಏನ್ ಕೇಳ್ತಾಳೆ ಅಂತ ಗೊತ್ತು. ಇಲ್ಲಿ ಕೊಡು. ನೀನು ಹೇಳ್ಬೇಡ, ನಾನೇ ಹೇಳ್ತೀನಿ. ಅವಳೇನಂತಾಳೋ ನಂಗೆ ಕೇಳಿಸಲ್ಲ, ಸ್ಪೀಕರ್ ಹಾಕಿ ನನ್ನ ಎದುರಿಗೆ ನಿಂತ್ಕಂಡು ಅದನ್ನೇ ಬಾಯಲ್ಲಿ ಹೇಳ್ತಾ ಹೋಗು. ಬೈದ್ರೆ ಬೈದಂಗೇ ಹೇಳು, ಒಂದು ಮಾತೂ ಬಿಡ್ಬೇಡ.

ಹಲೋ… ಈಶ್ವರಮ್ಮ, ಚಿಕ್ಕೀರಪ್ಪ ಮಾತಾಡ್ತಿರೋದು. ನಾಳೆ ಈ ಕಾರಲ್ಲಿ ಕೂತ್ಕಬೇಡ ತಾಯಿ.