ಬೋರಿಂಗಿನ ಬಾಯಿ ಮುಚ್ಚಿಸಿದ್ದು

...ಗ್ರೀಸು ಹಚ್ಚಿದೆ, ಕೈ ಒರೆಸ್ಕಂಡೆ, ಹ್ಯಾಂಡ್ಲು ಒತ್ತಿ ನೋಡಿದೆ, ಒಂದಿಷ್ಟೂ ಸದ್ದಿಲ್ಲ, ಬೆಣ್ಣೆ ಇದ್ದಂಗೆ. ಮಾರನೆ ದಿನ ಆ ಊರಾಗೆ ಏನಾಗಿರಬೇಕು, ಹೇಳ್ರೋ ನೋಡಾಣ? "ಬೋರಿಂಗು ಕೆಟ್ಟೋಯ್ತಾ ಅಜ್ಜ?" ಕೆಟ್ಟಿದ್ರೆ ಚೆನ್ನಾಗಿತ್ತು, ರಿಪೇರಿ ಮಾಡ್ತಿದ್ದೆ. "ನಿಂಗೆ ಸನ್ಮಾನ ಮಾಡಿದ್ರಾ?" ಹ್ಞೂಂ, ಮಾಡಿದ್ರು, ದೊಣ್ಣೆ ಹಿಡ್ಕಂಡು ಬಂದ್ರು ಸನ್ಮಾನಕ್ಕೆ!

ತಡೀರಿ, ಯಾವೂರು ಅಂತ ಹೇಳಲೇ ಇಲ್ಲ ಅಲ್ಲ. ನಮ್ಮ ಕಡೆ ಊರಲ್ಲ ಕಣ್ರೋ, ಆಫ್ರಿಕಾದ್ದು. ದೇಶದ ಹೆಸರು ಮಾತ್ರ ಹೇಳಲ್ಲ, ಹೇಳಿದ್ರೆ ಫೋನ್ ತೆಗೆದು ಅಲ್ಲಿನ ಯುದ್ಧದ ವಿಡಿಯೋ ನೋಡ್ತಾ ಕುಂತ್ಕಂತೀರ, ನನ್ನ ಮಾತು ಯಾರು ಕೇಳ್ತಾರೆ? ನಾನು ಬಿ.ಎಸ್ಸಿ. ಮುಗಿಸಿ, ಮತ್ತೋಡು, ಬಾಗೂರು ಅಂತ ಊರೂರು ತಿರುಗಿ ಕೈಬೋರಿಂಗು ರಿಪೇರಿ ಮಾಡಿಸ್ಕಂತ ಇಡೀ ಸರ್ವಿಸ್ ಕಳೆದೋನು. ಅಲ್ಲ, ಮಾಡಿಸ್ಕಂತ ಅಂದ್ರೆ ಸುಳ್ಳಾಗುತ್ತೆ, ಸ್ಪ್ಯಾನರು ನಾನೇ ಹಿಡೀತಿದ್ದೆ, ನನ್ನ ಅಂಗಿ ತೊಳೆದ ನಿಮ್ಮಜ್ಜಿನ ಕೇಳ್ರಿ ಬೇಕಾದ್ರೆ. ರಿಟೈರಾದ ಮೇಲೆ ಒಂದು ಸಂಸ್ಥೆಯೋರು ಕರೆದ್ರು. ಅಲ್ಲಿ ಯುದ್ಧ ನಿಂತೈತೆ, ಓಡಿಹೋದ ಜನ ಊರಿಗೆ ವಾಪಸ್ ಬರ್ತಾ ಅವ್ರೆ, ಬೋರಿಂಗು ನೋಡ್ಕಬೇಕು, ಕಕ್ಕಸು ಕಟ್ಟಿಸಬೇಕು, ಬರ್ತೀರಾ ಅಂತ. ನಿಮ್ಮಜ್ಜಿ ಸುಮ್ಮನಿರ್ತಾಳಾ? "ಇಲ್ಲಿ ನಮ್ಮ ಬಚ್ಚಲು ಕಟ್ಕಂಡು ವಾರ ಆಯ್ತು, ಇವರು ಹೊಂಟ್ರಂತೆ ಆಫ್ರಿಕಾಕ್ಕೆ, ಕಕ್ಕಸು ಕಟ್ಟಿಸಾಕೆ!" ನಗ್ರಿ, ನಗ್ರಿ. ಅಲ್ಲಿ ಹೋದ ಮೇಲೆ ಗೊತ್ತಾಯ್ತು ನನಗೆ. ಇರಾಕೆ ಡೇರೆ, ಊಟಕ್ಕೆ ಎರಡು ಹೊತ್ತೂ ಜೋಳದ ಗಂಜಿ, ದಿನಕ್ಕೆ ಒಂದು ಕ್ಯಾನು ನೀರು, ಕುಡಿಯಾಕೂ ಅದೇ, ತೊಳೆಯಾಕೂ ಅದೇ. ಚಿತ್ರದುರ್ಗದ ಬಿಸಿಲು ಕಂಡೋನು ನಾನು, ಅಲ್ಲಿ ಬಿಸಿಲಿಗೆ ಕೈ ಮುಗಿದೆ.

ಆ ಊರಾಗೆ ಎರಡು ಪಂಗಡ. ದಿಬ್ಬದ ಮೇಲೆ ಆಡು ಮೇಯಿಸೋರು, ಕೆಳಗೆ ಜೋಳ ಬೆಳೆಯೋರು. ಯುದ್ಧದಾಗೆ ಇವರ ಮನೆ ಅವರು, ಅವರ ಮನೆ ಇವರು ಸುಟ್ಟಿದ್ರು. ನಡುವೆ ಒಂದೇ ಬೋರಿಂಗು, ನಮ್ಮ ಐಮಂಗಲದಾಗೆ ಐತಲ್ಲ, ಥೇಟು ಅಂಥದ್ದೇ. ಪೊಲೀಸ್ ಸ್ಟೇಷನ್ ಇಲ್ಲ, ತಾಲ್ಲೂಕು ಆಫೀಸಿಲ್ಲ, ಆ ಊರಿಗೆ ಸರ್ಕಾರ ಅಂದ್ರೆ ಆ ಬೋರಿಂಗು, ಆಮೇಲೆ ದಾವೂದ, ಅಷ್ಟೇ. ದಾವೂದ ಅಂದ್ರೆ ಅವರ ಹೊಸ ಸರ್ಕಾರದ ನೀರಿನ ಸಾಹೇಬ, ನನಗೆ ಅವರ ಮಾತು ಇಂಗ್ಲಿಷಿಗೆ ತಿರುಗಿಸಿ ಹೇಳ್ತಿದ್ದೋನೂ ಅವನೇ. ಅವನ ಇಂಗ್ಲಿಷು ಕುಂಟು, ನಂದು ಕುರುಡು, ಹೆಂಗೋ ನಡೀತಿತ್ತು. ಅವನು ಎರಡೂ ಕಡೆಯೋರನ್ನ ಕೂರಿಸಿ, ಬೆಳಗ್ಗೆ ಮೇಲಿನೋರು ನೀರು ಹೊಡ್ಕಬೇಕು, ಸಂಜೆ ಕೆಳಗಿನೋರು, ಮಧ್ಯಾಹ್ನ ಯಾರೂ ಮುಟ್ಟಂಗಿಲ್ಲ, ನೀರು ಊರಬೇಕು ಅಂತ ಒಪ್ಪಿಸಿದ್ದ. ಅದೊಂದು ಮಾತಿನ ಮೇಲೆ ಊರು ನಿಂತಿತ್ತು ಕಣ್ರೋ. ಅದು ಮುರಿದ್ರೆ ಕೆಳಗಿನೋರು ಮತ್ತೆ ಗಂಟು ಮೂಟೆ ಕಟ್ಕಂಡು ಗಡಿ ದಾಟಿ ಕ್ಯಾಂಪಿಗೆ ಹೋಗಬೇಕು, ಇಲ್ಲ ಹೂತಿಟ್ಟ ಬಂದೂಕು ತೆಗೀಬೇಕು. ಇಂಥ ಊರಾಗೆ ಆ ಬೋರಿಂಗು ಕಿರ್ರೋ ಕಿರ್ರೋ ಅಂತ ಬಡ್ಕಂತಿತ್ತು, ಮೈಲಿ ದೂರ ಕೇಳಿಸ್ತಿತ್ತು. ನನ್ನ ಕಿವಿ ತಡೀಬೇಕಲ್ಲ! ಕಿರ್ ಅನ್ನೋ ಬೋರಿಂಗು ಬಿಟ್ಟು ಬಂದ್ರೆ ಹೊಸದುರ್ಗ ತಾಲ್ಲೂಕಿನ ಮರ್ಯಾದೆ ಏನಾಗಬೇಕು? ಯಾರನ್ನೂ ಕೇಳದೆ ಹಚ್ಚೇಬಿಟ್ಟೆ ಗ್ರೀಸು.

ಮಾರನೆ ದಿನ ಸಂಜೆ ಕೆಳಗಿನೋರು ಬಂದು ಹೊಡೆದ್ರೆ ನೀರು ಸಣ್ಣಗೆ ಬಂತು. "ಮಧ್ಯಾಹ್ನ ಕದ್ದು ಹೊಡೆದವ್ರೆ!" ಅಂತ ಇವರು, "ನಾವು ಮುಟ್ಟೇ ಇಲ್ಲ!" ಅಂತ ದಿಬ್ಬದಿಂದ ಇಳಿದು ಅವರು, ಎರಡೂ ಕಡೆ ದೊಣ್ಣೆ. ಕೆಳಗಿನೋರಾಗೆ ಹವಾ ಅಂತ ಒಬ್ಬ ಮುದುಕಿ, ನಮ್ಮವ್ವನ ವಯಸ್ಸು, ಸೀದಾ ನನ್ನ ಹತ್ರ ಬಂದು ಎದೆಗೆ ಬೆರಳು ತಿವಿದ್ಲು. "ಏ ಇಂಡಿಯಾ, ಅದರ ಬಾಯಿ ಯಾಕೆ ಮುಚ್ಚಿಸ್ದೆ?" "ಅಮ್ಮಾ, ರಿಪೇರಿ ಮಾಡೀನಿ" ಅಂದೆ. "ಮಧ್ಯಾಹ್ನ ಅದು ಕೂಗಲಿಲ್ಲ ಅಂದ್ರೆ ಯಾರೂ ಮುಟ್ಟಿಲ್ಲ ಅಂತ ಗೊತ್ತಾಗ್ತಿತ್ತು, ಮಲಗಿದ್ರೆ ನಿದ್ದೆ ಬರ್ತಿತ್ತು. ಈಗ ಅದು ಕೂಗೋದೇ ಇಲ್ಲ. ನಾನು ಯಾರನ್ನ ನಂಬಲಿ?" ದಾವೂದ ತಲೆ ಮೇಲೆ ಕೈ ಹೊತ್ಕಂಡ. "ಸಾರ್, ನಮ್ಮೂರ ಕಾವಲುಗಾರನಿಗೆ ಗ್ರೀಸು ಹಚ್ಚಿಬಿಟ್ರಲ್ಲ ಸಾರ್!"

ಓಡಿದೆ, ಸೀಮೆಎಣ್ಣೆ ತಂದೆ, ಬಟ್ಟೆ ಅದ್ದಿ ಒರೆಸಿದ್ದೇ ಒರೆಸಿದ್ದು. ಹ್ಯಾಂಡ್ಲು ಒತ್ತಿದ್ರೆ ಸದ್ದೇ ಇಲ್ಲ! ಕೆಲಸ ಚೆನ್ನಾಗಿ ಆಗೈತಲ್ಲಪ್ಪ ಅಂತ ಜೀವಮಾನದಾಗೆ ಅವತ್ತೊಂದೇ ಸಲ ಅಳು ಬಂದಿದ್ದು ನನಗೆ. ಮೇಲಿನೋರಾಗೆ ಒಬ್ಬ ಆಡಿನ ಕೊರಳಿಂದ ಗಂಟೆ ಬಿಚ್ಚಿ, ಇದನ್ನ ಹ್ಯಾಂಡ್ಲಿಗೆ ಕಟ್ರಿ ಅಂದ. ಹವಾ ಬಿಡ್ತಾಳಾ? "ನೀವು ಆಡನ್ನ ಕದ್ದು ಗಂಟೆ ಬಿಟ್ಟೋಗೋ ಜನ, ಇದನ್ನ ಬಿಚ್ಚಿಡೋದು ಎಷ್ಟೊತ್ತು?" ಎರಡೂ ಕಡೆಯೋರು ಕಿಸಕ್ಕಂತ ನಕ್ಕುಬಿಟ್ರು. ಆ ನಗು ಇರೋವಾಗಲೇ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಒಳಗೆ ಹ್ಯಾಂಡ್ಲು ಉಜ್ಜೋ ಜಾಗಕ್ಕೆ ಸಿಗಿಸಿ, ಮುಚ್ಚಳ ಹಾಕಿ, ಬೋಲ್ಟು ಬಿಗಿದು, ಇನ್ಯಾರೂ ಬಿಚ್ಚಬಾರದು ಅಂತ ಸ್ಪ್ಯಾನರು ದಾವೂದನ ಕೈಗೆ ಕೊಟ್ಟೆ. ಹವಾ ಒತ್ತಿದ್ಲು. ಕಿರ್ರ್ರೋ! ಮೇಲಿನೋರು ದಿಬ್ಬ ಹತ್ತಿ ನಿಂತು, ಕೇಳ್ತೈತೆ, ಕೇಳ್ತೈತೆ ಅಂತ ಕೂಗಿದ್ರು.

ಮರುದಿನ ಮಧ್ಯಾಹ್ನ ಇಡೀ ಊರು ಕಿವಿ ಕೊಟ್ಟು ಕುಂತಿತ್ತು, ನಾನೂ ಕುಂತಿದ್ದೆ. ಒಂದು ಸದ್ದಿಲ್ಲ. ಆದ್ರೂ ಸಂಜೆ ನೀರು ಸಣ್ಣಗೇ ಬಂತು. ಕದ್ದಿದ್ದು ಬಿಸಿಲು ಕಣ್ರೋ! ಹವಾ ಕ್ಯಾನು ಅಲ್ಲೇ ಇಟ್ಟು, ಕೋಲು ಊರ್ಕಂತ ಒಬ್ಬಳೇ ದಿಬ್ಬ ಹತ್ತಿ, ಅವರ ಬಾಗಿಲಾಗೆ ನಿಂತು ಏನೋ ಅಂದು ಇಳಿದು ಬಂದ್ಲು. ಏನಂದ್ಲು ಅಂತ ದಾವೂದನ್ನ ಕೇಳಿದೆ. "ನೀವು ಕಳ್ಳರೇ, ಆದ್ರೆ ನೀರಿನ ಕಳ್ಳರಲ್ಲ ಅಂದ್ಲು ಸಾರ್." ಅಷ್ಟಕ್ಕೇ ಅವರು ಆಕೆಗೆ ಆಡಿನ ಹಾಲು ಕೊಟ್ಟು ಕಳಿಸಿದ್ರು. ಹಂಚ್ಕಂಡು ತಿನ್ನೋ ಮನೆಯಾಗೆ ಪಾತ್ರೆ ಸದ್ದು ಕೇಳ್ತಿರಬೇಕು ಕಣ್ರೋ, ಅಷ್ಟೇ. ಯಾವ ದಿನ ಮಾಡಿದ್ದೇ ವರ್ಷವೆಲ್ಲ ನಡೆಯುತ್ತೆ ಅಂತ ನಮ್ಮಲ್ಲಿ ಬೈಗುಳಾನೂ ನುಂಗ್ಕಂತೀವೋ, ಆ ಮುದುಕಿ ದಿಬ್ಬ ಹತ್ತಿದ್ದು ಸರಿಯಾಗಿ ಅವತ್ತೇ: ಯುಗಾದಿ ಮಾರನೆ ದಿನ, ಹೊಸತೊಡಕು.