ಮೂರನೇ ಸೆಟ್ಟಿನ ಹಸಿವು

ಕ್ರೀಡಾ ವೈದ್ಯರ ಕೋಣೆಯ ಹೊರಗೆ ನನ್ನ ಮೊಣಕಾಲು ತೋರಿಸಲು ಕಾಯುತ್ತಿದ್ದೆ. ಪಕ್ಕದಲ್ಲಿ ಆಗಷ್ಟೇ ಒಳಗಿನಿಂದ ಬಂದು ಕೂತ, ಟೆನಿಸ್ ಆಡುವ ಹುಡುಗಿ, ಅವಳಿಗೆ ಆಟ ಕಲಿಸುವ ಅಪ್ಪ. ಉಸಿರು ಅಳೆಯುವ ಮುಖವಾಡದ ಗುರುತು ಅವಳ ಕೆನ್ನೆಯ ಮೇಲೆ ಇನ್ನೂ ಕೆಂಪಾಗಿತ್ತು. ನಾನು ಕೇಳಬಾರದಿತ್ತೇನೋ, ಕೇಳಿಸಿದ್ದನ್ನು ಆದಷ್ಟು ಹಾಗೇ ಬರೆದಿದ್ದೇನೆ.

“ಡಾಕ್ಟರ್ ಹೇಳಿದ್ದು ಕೇಳಿಸ್ತಲ್ಲಪ್ಪಾ? ಮೂರನೇ ಸೆಟ್ಟಿಗೆ ಬರೋ ಹೊತ್ತಿಗೆ ನನ್ನ ಸ್ನಾಯುಗಳಲ್ಲಿ ಸಕ್ಕರೆಯೇ ಉಳಿದಿರಲ್ಲ.”

“ಅವರು ಯಾವತ್ತಾದ್ರೂ ರಾಕೆಟ್ ಹಿಡಿದಿದ್ದಾರಾ? ಹೊಟ್ಟೆ ತುಂಬಿದ್ರೆ ಕಾಲು ಓಡಲ್ಲ. ನಾನು ಆಡಿದ್ದೆಲ್ಲ ಖಾಲಿ ಹೊಟ್ಟೇಲೇ.”

“ಮೂರನೇ ಸೆಟ್ ಎಷ್ಟು ಗೆದ್ದಿದ್ರಿ?”

ಅಪ್ಪ ರಾಕೆಟ್ ಚೀಲದ ಜಿಪ್ ಎಳೆದು ಮುಚ್ಚಿದರು.

“ನಾಲಿಗೆ ಉದ್ದ ಆಯ್ತು ನಿಂಗೆ.”

“ಹೋದ ವಾರ ಸರ್ವ್ ಮಾಡೋಕೆ ಚೆಂಡು ಎಸೆದ್ರೆ ಎರಡೆರಡು ಕಾಣಿಸ್ತು. ಸೋತ್ಮೇಲೆ ಎಲ್ಲರ ಮುಂದೆ ನಂಗೆ ಧೈರ್ಯ ಸಾಲದು ಅಂದ್ರಿ. ಧೈರ್ಯ ಇತ್ತಪ್ಪಾ, ಊಟ ಇರ್ಲಿಲ್ಲ.”

“ಸರಿ, ನಾಳೆ ಮ್ಯಾಚಲ್ಲಿ ಎರಡು ಗುಟುಕು ಗ್ಲೂಕೋಸ್ ನೀರು ಕುಡಿ.”

“ಬೆಳಿಗ್ಗೆ ಹೊಟ್ಟೆ ತುಂಬ ತಿಂತೀನಿ. ಕೋರ್ಟಿನ ಕಡೆ ಬದಲಾಯಿಸೋವಾಗ ಕೂತ್ಕೊಂಡು ಬಾಳೆಹಣ್ಣೂ ತಿಂತೀನಿ, ನಿಮ್ಮ ಕಣ್ಣೆದುರಿಗೇ.”

“ಹಾಗಾದ್ರೆ ನಾನು ಬರಲ್ಲ.”

“ಬರಬೇಡಿ. ಅಮ್ಮ ಬರ್ತಾಳೆ.”

ಅವಳು ಅಲ್ಲೇ ಬಾಳೆಹಣ್ಣು ಸುಲಿದು, ತಿನ್ನುತ್ತಾ ಬಾಗಿಲ ಕಡೆ ನಡೆದಳು. ಅಪ್ಪ ರಾಕೆಟ್ ಚೀಲ ಹೆಗಲಿಗೇರಿಸಿಕೊಂಡು ಹಿಂದೆಯೇ ಹೊರಟರು.

“ನಿಲ್ಲೇ! ಮ್ಯಾಚಿಗೆ ಎಷ್ಟು ಹೊತ್ತು ಮುಂಚೆ ತಿನ್ಬೇಕು ಅಂತ ಡಾಕ್ಟರನ್ನ ಕೇಳಿದ್ಯಾ?”

“ಮೂರು ಗಂಟೆ ಮುಂಚೆ. ನೀವೂ ತಿನ್ನಿ. ಮೂರು ಸೆಟ್ಟೂ ಹೊರಗಿಂದ ಕಿರುಚೋಕೆ ಶಕ್ತಿ ಬೇಕಲ್ಲ.”