ಅಂಗೈ ಕೆಳಗಿನ ನಡೆ

ಅಧ್ಯಕ್ಷರೇ, ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆ, ಅವರ ಪಕ್ಕದಲ್ಲಿರುವ ಮಗಳೇ, ನಮ್ಮ ಚದುರಂಗ ಶಾಲೆಯಲ್ಲಿ ಕಲಿತು ದೊಡ್ಡವರಾಗಿ ಇವತ್ತು ಕೆಲಸ ಬಿಟ್ಟು ಬಂದಿರುವ ಶಿಷ್ಯರೇ — ಎಲ್ಲರಿಗೂ ನಮಸ್ಕಾರ. ಈ ಮೈಕು ಸ್ವಲ್ಪ ಕರಕರ ಅನ್ನುತ್ತಿದೆ. ಹಿಂದೆ ಕೇಳಿಸದಿದ್ದರೆ ಕೈ ಎತ್ತಿ, ಯಾಕೆಂದರೆ ನಾನು ಹೇಳುವುದು ಎಲ್ಲರಿಗೂ ಕೇಳಬೇಕು.

ನನಗಿಂತ ಮೊದಲು ಮಾತಾಡಿದವರೆಲ್ಲ, ತೀರಿಕೊಂಡ ನನ್ನ ಈ ಗೆಳೆಯ ದೇವರಂಥ ಮನುಷ್ಯ ಅಂದರು. ನಾನು ಅವನ ಜೊತೆ ಒಂದೇ ಕೋಣೆಯಲ್ಲಿ ತಲೆ ನೆರೆಯುವ ತನಕ ಪಾಠ ಮಾಡಿದವನು. ಕಿಟಕಿ ಕಡೆ ಅವನ ಮೇಜು, ಬಾಗಿಲ ಕಡೆ ನನ್ನದು. ದೇವರು ಆ ಕೋಣೆಗೆ ಬಂದದ್ದನ್ನು ನಾನಂತೂ ಕಾಣಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಸರಿ, ನಿಜ ಆಡಬಾರದು ಅಂತ ಯಾರೂ ಹೇಳಿಲ್ಲವಲ್ಲ?

ನೀವೆಲ್ಲ ಅವನನ್ನು ಅಂಗೈ ಮೇಷ್ಟ್ರು ಅಂತ ಕರೆಯುತ್ತಿದ್ದಿರಿ. ದೊಡ್ಡ ಆಟಗಾರರ ಹಳೆಯ ಆಟಗಳ ಪುಸ್ತಕ ತೆರೆದಿಟ್ಟು, ಮುಂದಿನ ನಡೆಯನ್ನು ಅಂಗೈಯಿಂದ — ಹೀಗೆ — ಮುಚ್ಚುತ್ತಿದ್ದ. "ಹೇಳು, ದೊಡ್ಡೋರು ಏನು ಆಡಿದ್ರು?" ನೀವು ಹೇಳಿದ್ದು ಪುಸ್ತಕದ ನಡೆಯಾದರೆ ಸುಮ್ಮನೆ ಕೈ ತೆಗೆಯುತ್ತಿದ್ದ. ಬೇರೆಯಾದರೆ ಅದೇ ಕೈ ಮೇಜಿನ ಮೇಲೆ — ಫಟ್! "ದೊಡ್ಡೋರು ಹಂಗೆ ಆಡಲ್ಲ!"

ನೋಡಿ, ಅಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬರು ಈಗಲೂ ಬೆಚ್ಚಿದರು.

ಪದ್ಧತಿ ಕೆಟ್ಟದ್ದಲ್ಲ. ದೊಡ್ಡವರ ಆಟ ನೋಡಿಯೇ ನಾವೆಲ್ಲ ಕಲಿತದ್ದು. ನಾವೇ ಒಂದು ನಡೆ ಯೋಚಿಸಬೇಕು, ಅವರದ್ದರ ಪಕ್ಕದಲ್ಲಿಟ್ಟು ನೋಡಬೇಕು, ಯಾಕೆ ಬೇರೆಯಾಯಿತು ಅಂತ ತಲೆ ಕೆಡಿಸಿಕೊಳ್ಳಬೇಕು. ಆ 'ಯಾಕೆ' ಅನ್ನುವುದರಲ್ಲೇ ಇಡೀ ವಿದ್ಯೆ ಇರುವುದು. ಇವನು ಅದೊಂದನ್ನು ಮಾತ್ರ ಕೇಳಲು ಬಿಡುತ್ತಿರಲಿಲ್ಲ. ಮನೆಯಲ್ಲೂ ಇದೇ ಕಥೆ. ಅತ್ತಿಗೆ ಕಾಫಿ ಕೊಟ್ಟು ಹೇಗಿದೆ ಅಂತ ಕೇಳಿದರೆ, "ನಮ್ಮಮ್ಮ ಹಿಂಗೆ ಮಾಡ್ತಿರಲಿಲ್ಲ" ಅನ್ನುತ್ತಿದ್ದ. ಅತ್ತಿಗೆ ನಗುತ್ತಿದ್ದಾರೆ, ನೋಡಿ. ಇವತ್ತು ನಗಬಹುದು ಅತ್ತಿಗೆ, ಯಾರೂ ಮೇಜು ಬಡಿಯುವುದಿಲ್ಲ.

ಈಗ ಮಗಳ ವಿಷಯ. ಅಧ್ಯಕ್ಷರೇ, ಗಡಿಯಾರ ನೋಡಬೇಡಿ. ವೇದಿಕೆ ಹತ್ತುವ ಮೊದಲು ನಾನು ಅವಳನ್ನೇ ಕೇಳಿದೆ, "ಹೇಳ್ಲಾ?" ಅಂತ. "ಹೇಳಿ ಚಿಕ್ಕಪ್ಪ, ನಂಗೂ ಸಾಕಾಗಿದೆ" ಅಂದಳು.

ಅವಳಾಗ ಶಾಲೆಗೆ ಎರಡು ಜಡೆ ಹಾಕಿಕೊಂಡು ಹೋಗುವ ವಯಸ್ಸು. ಅಪ್ಪನ ಬಾಯಲ್ಲಿ ಒಂದೇ ಒಂದು ಸಲ 'ಸರಿ' ಅನ್ನಿಸಿಕೊಳ್ಳಬೇಕು — ಅಷ್ಟೇ ಅವಳ ಆಸೆ. ಒಂದು ದಿನ ತರಗತಿಯಲ್ಲಿ ಒಂದು ಆಟ ಬಂತು. ಅಲ್ಲಿ ದೊಡ್ಡವರು ಆನೆಯನ್ನು ಹಿಂದಕ್ಕೆ ಎಳೆದುಕೊಂಡು, ಕೊನೆಗೆ ಆಟ ಸಮ ಮಾಡಿಕೊಂಡಿದ್ದರು. ಅಂಗೈ ಬಿತ್ತು. ಇವಳು ತುಂಬಾ ಹೊತ್ತು ನೋಡಿ, "ಆನೆ ಕೊಟ್ಬಿಡ್ತೀನಪ್ಪ. ಆಮೇಲೆ ಕುದುರೆ ಒಳಗೆ ಬರುತ್ತೆ, ರಾಜ ಎಲ್ಲಿಗೂ ಹೋಗಕ್ಕಾಗಲ್ಲ" ಅಂದಳು. ಫಟ್! "ನೋಡ್ರೋ, ಮಹಾತಾಯಿ ಆನೆ ದಾನ ಮಾಡ್ತಾಳಂತೆ!" ತರಗತಿಯೆಲ್ಲ ಘೊಳ್ಳೆಂದಿತು. ಅವತ್ತು ನಕ್ಕವರು ಇಲ್ಲೂ ಇದ್ದೀರಿ. ನಾನು ನನ್ನ ಮೇಜಿನ ಮೇಲೆ ಕಾಯಿ ಜೋಡಿಸಿ ನೋಡಿದೆ. ಹುಡುಗಿ ಹೇಳಿದ್ದು ನೂರಕ್ಕೆ ನೂರು ನಿಜವಾಗಿತ್ತು.

ಮುಂದಿನ ವರ್ಷ ಇವನಿಗೊಂದು ದೊಡ್ಡ ಪಂದ್ಯ. ಎದುರಾಳಿಯೂ ಅದೇ ಪುಸ್ತಕ ಓದಿದವನು. ಆಟ ಬಂದು ಬಂದು ಅದೇ ಜಾಗಕ್ಕೆ ನಿಂತಿತು. ನಮ್ಮ ಅಂಗೈ ಮೇಷ್ಟ್ರು ಏನು ಮಾಡಿದ ಹೇಳಿ? ಆನೆ ಕೊಟ್ಟ! ಕುದುರೆ ಒಳಗೆ ಬಂತು, ರಾಜನಿಗೆ ಎಲ್ಲಿಗೂ ಹೋಗಲಾಗಲಿಲ್ಲ. ಪತ್ರಿಕೆಯಲ್ಲಿ ಫೋಟೋ ಬಂತು, ಹಾರ ಬಂತು, ಇವನ ಆಟವೂ ಪುಸ್ತಕ ಸೇರಿತು.

ಇಷ್ಟೇ ಆಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಅವನು ಆ ಪುಸ್ತಕವನ್ನು ತರಗತಿಗೆ ತಂದ. ಮಗಳನ್ನೇ ಎದುರು ಕೂರಿಸಿದ. ತನ್ನ ಆಟ ತೆರೆದು, ಆ ನಡೆಯ ಮೇಲೆ ಅಂಗೈ ಇಟ್ಟು — "ಹೇಳು, ದೊಡ್ಡೋರು ಏನು ಆಡಿದ್ರು?"

ಅವಳು ಅಪ್ಪನ ಮುಖ ನೋಡಿದಳು. "ಆನೆ ಕೊಟ್ರು" ಅಂದಳು.

"ಭೇಷ್! ಅಪ್ಪನ ಆಟ ನೋಡಿ ಈಗಲಾದ್ರೂ ಬುದ್ಧಿ ಬಂತಲ್ಲ!"

ಅವಳು ಎದ್ದು ಹೋದಳು. ಮತ್ತೆ ಕಾಯಿ ಮುಟ್ಟಲಿಲ್ಲ. ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಾಳೆ. ನಿಮ್ಮಲ್ಲಿ ಹಲವರ ಕನ್ನಡಕ ಅವಳದೇ ಕೈಯಿಂದ ಬಂದದ್ದು.

ಅವತ್ತೇ ನಾನು ಅವನನ್ನು ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದೆ. "ಅದು ಮಗೂದು ಕಣಯ್ಯ, ನಿಂದಲ್ಲ." ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಮಗಳು ಯಾರ್ದು? ನಂದೇ ತಾನೆ? ಅವಳ ನಡೆನೂ ನಂದೇ" ಅಂದ. ಕೊನೆಗೆ ಆಸ್ಪತ್ರೆಯಲ್ಲೂ ಕೇಳಿದೆ. ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. "ಕರೀತೀನಿ, ಒಂದು ಮಾತು ಹೇಳ್ಬಿಡು ಮಾರಾಯ. ಹೋಗೋ ಹೊತ್ತಲ್ಲಿ ಯಾಕೆ ಹಟ?" ಅವನಿಗೆ ಮಾತು ಬರುತ್ತಿತ್ತು, ಬುದ್ಧಿಯೂ ನೆಟ್ಟಗಿತ್ತು. ಕೈ ಎತ್ತಿದ — ಅದೇ ಅಂಗೈ — ನನ್ನ ಬಾಯಿ ಮುಚ್ಚಿದ. "ದೊಡ್ಡೋರು ನಡೆ ವಾಪಸ್ ತಗೊಳ್ಳಲ್ಲ" ಅಂದ. ಅವಳು ಬೆಂಚಿನ ಮೇಲೇ ಉಳಿದಳು.

ಈಗ ನನ್ನ ಬೆನ್ನ ಹಿಂದೆ ನೋಡಿ. ಬ್ಯಾನರಿನಲ್ಲಿ ಅವನ ಫೋಟೋ, ಕೆಳಗೆ ಆ ಆನೆ, ಆ ಕುದುರೆ. ಈ ನಡೆಗೆ ಅವನ ಹೆಸರಿಡಬೇಕು ಅಂತ ಅಧ್ಯಕ್ಷರು ಈಗ ತಾನೇ ಹೇಳಿದರು, ನೀವು ಚಪ್ಪಾಳೆ ತಟ್ಟಿದಿರಿ. ಇಡಬೇಡಿ. ಫೋಟೋ ಇರಲಿ, ಅದು ಅವನದೇ ಮುಖ.

ನನ್ನ ಮಾತು ಮುಗಿಯಿತು. ಈಗ ಒಂದು ನಿಮಿಷದ ಮೌನಕ್ಕೆ ಎಲ್ಲರೂ ಎದ್ದು ನಿಲ್ಲಿ. ಕುರ್ಚಿ ಸದ್ದಾಗದಿರಲಿ. ಅಧ್ಯಕ್ಷರೇ, ನೀವೂ. ಅತ್ತಿಗೆ, ಕಾಲು ನೋಯದಿದ್ದರೆ ನೀವೂ ಏಳಿ. —

ಮಗಳೇ, ನೀನು ಏಳಬೇಡ. ನೀನು ಕೂತಿರು.

ನೀನು ಹೇಳಿದ್ದು ಸರಿ ಇತ್ತಮ್ಮ.

— ಈಗ ಯಾರೂ ಮಾತಾಡಬೇಡಿ.